ಎಡಬಾಗಿಲು

ಮೊದಲನೆಯದು ಬೆಡ್‌ಫೋರ್ಡು. ಕೈ ಕಲಿಯುವ ಕಾಲದ ಪಾಪ,
ಬಿಚ್ಚಿದ್ದೇ ಹೆಚ್ಚು, ಜೋಡಿಸಿದ್ದು ಕಡಿಮೆ.
ಎರಡನೆಯ ಬೆಂಝು ಈಗಲೂ
ಸೆಲ್ಫ್ ಒತ್ತಿದರೆ ಕೆಮ್ಮದೆ ಏಳುತ್ತದೆ.
ಇದು ಮೂರನೆಯದು, ಫಾರ್ಗೋ.
ಇಪ್ಪತ್ತೆರಡು ವರ್ಷದ ಭಾನುವಾರಗಳನ್ನು
ಸೀಮೆಎಣ್ಣೆಯಲ್ಲಿ ನೆನೆಹಾಕಿದರೆ
ಮೂರು ಲಾರಿ.

ವಾರದ ಆರು ದಿನ ನಾನು ದನದಾಸ್ಪತ್ರೆ ಕಾಂಪೌಂಡರು,
ಹೊಟ್ಟೆಯುಬ್ಬರದ ಹಸುಗಳಿಗೆ ಗೊಟ್ಟದಲ್ಲಿ ಎಣ್ಣೆ ಕುಡಿಸುವವನು.
ಏಳನೆಯ ದಿನ ಹಾಸನದ ಸಂತೆಪೇಟೆಯ ಹಿಂದೆ
ಆಲೂಗಡ್ಡೆ ಮಂಡಿಯವರು ಬಿಟ್ಟುಕೊಟ್ಟ ತಗಡಿನ ಶೆಡ್ಡಿನಲ್ಲಿ
ಇದರ ಹೊಟ್ಟೆಯಡಿ ಅಂಗಾತ ಮಲಗುತ್ತೇನೆ.
ಎರಡೂ ಒಂದೇ ಕಸುಬು ಅನ್ನುತ್ತಾಳೆ ಕುಸುಮ:
ಬಾಯಿಲ್ಲದ್ದಕ್ಕೆ ಎಲ್ಲಿ ನೋವೆಂದು ಕಿವಿಯಿಟ್ಟು ಹುಡುಕುವುದು.
ಆಮೇಲೆ ಬೋಲ್ಟು, ಬೇರಿಂಗು, ಗ್ರೀಸಿನ ಲೆಕ್ಕ ಬರೆದಿಟ್ಟ
ಹಳೆಯ ಹಾಲಿನ ಪುಸ್ತಕ ತೆಗೆದು
"ಹಿಂಡಿ ಬೂಸ ಬರೀತಾನೇ ಇದೀನಿ,
ಈ ತಿಂಗಳೂ ಕರೀಲಿಲ್ಲ ನಿಮ್ಮ ಹಸು" ಎಂದು ನಗುತ್ತಾಳೆ.

ಫಾರ್ಗೋ ಸಿಕ್ಕಿದ್ದು ಆಲೂರಿನ ಒಂದು ಸಾಮಿಲ್ಲಿನ ಹಿತ್ತಲಲ್ಲಿ;
ಬಾನೆಟ್ಟಿನೊಳಗೆ ಮುಂಗುಸಿ ಸಂಸಾರ,
ಕ್ಯಾಬಿನ್ನಿನ ಹಲಗೆಗೆ ಗೆದ್ದಲು.
ಕಿಂಗ್‌ಪಿನ್ ಕಳಚಲು ಹಿಡಿದದ್ದು ಮೂರು ಭಾನುವಾರ,
ಎರಡು ಸುತ್ತಿಗೆ ಕಾವು, ಸತ್ತಾರನ ಒಂದು ಹಲ್ಲು.
ಬ್ರೇಕ್ ಡ್ರಮ್ಮು ಈರೋಡಿನ ಗುಜರಿಯಿಂದ ಬಂತು.
ಸ್ಪೀಡೋಮೀಟರಿಗೆ ನಮ್ಮನೆಯ ಅಲಾರಂ ಗಡಿಯಾರದ ಗಾಜು
ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಎಡಬಾಗಿಲಿನ ಹೊರಮೈಯಲ್ಲಿ, ಕಿಟಕಿಯ ಕೆಳಗೆ,
ಗೇಣಗಲದ ಒಂದು ತಗ್ಗು.
ಯಾವುದೋ ಕಂಬಕ್ಕೆ ಒರೆಸಿರಬೇಕು ಅಂದುಕೊಂಡೆವು.
ಸತ್ತಾರ ಒಳಗಿಂದ ಮರದ ಕೊಡತಿಯಲ್ಲಿ ಬಡಿದ, ಎರಡು ವಾರ.
ನಾನು ಪುಟ್ಟಿ ಮೆತ್ತಿ, ಒಣಗಿಸಿ, ನೀರು ಹಾಕಿ ತೀಡಿ
ಮತ್ತೆ ಮೆತ್ತಿ ಮತ್ತೆ ತೀಡಿದೆ,
ಅದರಲ್ಲಿ ನೋಡಿಕೊಂಡು ಗಡ್ಡ ಹೆರೆಯಬಹುದು ಅನ್ನುವಷ್ಟು.
ಇಡೀ ಲಾರಿಯಲ್ಲಿ ನನಗೆ ಹೆಮ್ಮೆ
ಆ ಬಾಗಿಲಿನದೇ.

ಹೋದ ವಾರ ಜವರಯ್ಯ ಬಂದ,
ಮಂಡಿಯಲ್ಲಿ ಗೋಣಿಚೀಲ ಹೊಲಿಯುವ ಮುದುಕ.
ಓದು ಬಾರದು; ನಂಬರಿನ ಆಕಾರ ಕಂಡು
ಹೊಸಿಲಲ್ಲೇ ನಿಂತ.
ಒಂದು ಸುತ್ತು ಬಂದ. ಎಡಗಡೆ ನಿಂತ.
ದಬ್ಬಳ ಹಿಡಿದು ಸೊಟ್ಟಗಾದ ಬೆರಳು
ತಗಡಿನ ಮೇಲೆ ಏನನ್ನೋ ತಡಕಿತು.
"ಇಲ್ಲೊಂದು ಗುಂಡಿ ಇತ್ತಲ್ಲ,
ಏನ್ ಮಾಡ್ಬುಟ್ರಿ ಸಾ?"

ಹಾರ್ನು ಕೆಟ್ಟಿತ್ತಂತೆ, ಸಾಹುಕಾರ ಮಾಡಿಸಲಿಲ್ಲವಂತೆ.
ಹನ್ನೊಂದು ವರ್ಷದ ಕ್ಲೀನರ್ ಹುಡುಗನಿದ್ದ.
ಚಾರ್ಮಾಡಿ ಇಳಿಯುವಾಗ ಆಲೂಗಡ್ಡೆ,
ಏರುವಾಗ ಹಂಚು, ಉಪ್ಪು, ಒಣಮೀನು.
ತಿರುವು ಬಂದರೆ ಎಡಗೈ ಹೊರಹಾಕಿ ಬಡಿಯಬೇಕು:
ಎದುರು ಗಾಡಿಗೆ ಎರಡೇಟು, ದನಕರಕ್ಕೆ ಮೂರು,
ಡ್ರೈವರಿನ ರೆಪ್ಪೆ ಬಿದ್ದರೆ ಲೆಕ್ಕವೇ ಇಲ್ಲ.
ಒಂಬತ್ತು ವರ್ಷ.
"ಮೊದಮೊದ್ಲು ಕೈ ಊದ್ಕೊಳದು ಸಾ.
ಆಮೇಲಾಮೇಲೆ ಬಾಗ್ಲೇ ಬಗ್ತು."

ನನ್ನ ಕೈಯಲ್ಲಿ ಪಾಲಿಶ್ ಬಟ್ಟೆ.
ಕಂಪನಿ ಕೊಟ್ಟಂತೆಯೇ ಮಾಡಬೇಕೆಂದು ಹಟ ಹಿಡಿದವನು
ಅವನು ಕೊಟ್ಟದ್ದನ್ನು ತೀಡಿ ತೆಗೆದಿದ್ದೆ.
ಸತ್ತಾರ, ಪಾಪ, ಒಳ್ಳೆಯ ಮನಸ್ಸಿಂದಲೇ
ಸುತ್ತಿಗೆ ಎತ್ತಿ "ಮತ್ತೆ ತಗ್ಗಿಸಲಾ?" ಎಂದ.
ಜವರಯ್ಯ ನಕ್ಕುಬಿಟ್ಟ,
"ಅದು ಸುತ್ತಿಗೇಲಿ ಬರಕಿಲ್ಲ, ಬುಡಪ್ಪ."

ಹತ್ತಿಸಿಕೊಂಡು ಹೊರಟೆ, ಎಡಗಡೆ ಕೂರಿಸಿ,
ಬೇಲೂರು ರಸ್ತೆಯಲ್ಲಿ ಮೊದಲ ಓಟ.
ಹೊಸ ಹಾರ್ನಿದೆ, ಮಿನೇಜಸ್ ಬರೆದ ಕಮಲಗಳಿವೆ,
ಗೇರು ಎರಡರಿಂದ ಮೂರಕ್ಕೆ ಹೋಗುವಾಗ
ಇನ್ನೂ ಸ್ವಲ್ಪ ಹಲ್ಲು ಕಡಿಯುತ್ತದೆ.
ಊರು ದಾಟಿದ ಮೇಲೆ ಎಮ್ಮೆಯೊಂದು
ರಸ್ತೆ ನಡುವೆ ನಿಂತು ಯೋಚಿಸತೊಡಗಿತು.
ಹಾರ್ನಿನ ಮೇಲಿದ್ದ ನನ್ನ ಬೆರಳು
ಯಾಕೋ ತಡೆಯಿತು.
ಎಡಗಡೆಯಿಂದ
ಮೂರೇಟು.

ಬಣ್ಣ ಪೂರ್ತಿ ಆರಿರಲಿಲ್ಲವೇನೋ.
ರಾತ್ರಿ ಟಾರ್ಚು ಬಿಟ್ಟು ನೋಡಿದರೆ
ಹೊಳಪಿನ ಮೇಲೆ ಒಂದು ಅಂಗೈಯ ಮಸುಕು.
ಬಟ್ಟೆ ಹೆಗಲ ಮೇಲೇ ಇತ್ತು.
ಶೆಡ್ಡಿಗೆ ಬೀಗ ಹಾಕಿ ಬಂದೆ.

ಹಾಲಿನ ಪುಸ್ತಕದಲ್ಲಿ ಆ ತಾರೀಖಿನ ಎದುರು
ಕುಸುಮ ಬರೆದಿದ್ದಾಳೆ:
ಅರ್ಧ ಸೇರು.